ಬಾಗಿನ ಕೊಟ್ಟು ಬೈದು ಬಂದೆ

ಸೀರೆ ಇನ್ನೂ ಒದ್ದೆ, ಕೆರೆಯ ವಾಸನೆ ಹೊಡೆಯುತ್ತಿದೆ. ಬದಲಾಯಿಸದೆ ಹಾಗೇ ಕೂತು ನಿಮಗಿದನ್ನು ಬರೆಯುತ್ತಿದ್ದೇನೆ. ಅಷ್ಟು ಸಂಭ್ರಮ ನನಗೆ!

ಮೂರು ವರ್ಷದ ಹಿಂದೆ ಈ ವಾಸನೆ ಬಂದರೆ ಸಾಕು, ಕಿಟಕಿ ಮುಚ್ಚಿಬಿಡುತ್ತಿದ್ದೆ. ರಾಮನಗರದ ಪಕ್ಕದ ನಮ್ಮೂರಿನ ಕೆರೆ ಏರಿ ಒಡೆದು, ಬೆಳಗ್ಗೆ ನಾನು ರಂಗೋಲಿ ಹಾಕುತ್ತಿದ್ದಾಗಲೇ ನೀರು ನುಗ್ಗಿತ್ತು. ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿಟ್ಟಿದ್ದ ಚಂದ್ರಿಕೆಗಳೆಲ್ಲ ಬೀದಿಯಲ್ಲಿ ತೇಲಿದವು. ಪಕ್ಕದ ಮನೆಯ ತಾರಸಿ ಹತ್ತಿ ಕೂತಿದ್ದ ನಮ್ಮತ್ತೆ, ಎಪ್ಪತ್ತೆಂಟರ ಮುದುಕಿ, "ನೋಡವ್ವ, ನಮ್ ಹುಳುಗೋಳ್ಗೆ ತೆಪ್ಪೋತ್ಸವ!" ಎಂದರು. ಮನೆಮಂದಿಯೆಲ್ಲ, ಹಸು ಕರು ಸಮೇತ ಉಳಿದೆವು. ದೇವರು ದೊಡ್ಡವನು.

ವಯಸ್ಸಾದವರು, ಎದೆ ಒಡೆದುಕೊಂಡಾರು ಎಂದು ಎಲ್ಲರೂ ಅವರನ್ನೇ ಕಾದೆವು. ಮೋಡ ಕವಿದರೆ ಸಾಕು, ಅವರಿಗೆ ಮಳೆ ಸದ್ದು ಕೇಳಿಸದಿರಲೆಂದು ನಾನು ಟೀವಿಯಲ್ಲಿ ಭಜನೆ ಜೋರು ಮಾಡುತ್ತಿದ್ದೆ. ಅಕ್ಕಿ, ಸಕ್ಕರೆ, ರೇಷನ್ ಕಾರ್ಡು ಎಲ್ಲ ಅಟ್ಟಕ್ಕೆ. ಒಂದು ಸಲ ಒಲೆಯ ಮೇಲಿನ ಸಾರನ್ನೂ ಏರಿಸಿಬಿಟ್ಟೆ! ಅವತ್ತು ಅತ್ತೆ ಎದ್ದು ಟೀವಿ ಆರಿಸಿದರು.

"ನಂಗೆ ಕಿವಿ ಕೇಳ್ತದೆ ಕಣವ್ವ. ಭಯ ನಂಗಲ್ಲ, ನಿಂಗೆ. ಸಾರ್ನೂ ಅಟ್ಟಕ್ಕೆ ಏರ್ಸಿದ್ದೀಯ ನೋಡು."

ನಲವತ್ತಾರರ ಗಟ್ಟಿಗಿತ್ತಿ ನಾನು, ಅವರ ಮಡಿಲಲ್ಲಿ ಮಗುವಿನಂತೆ ಅತ್ತುಬಿಟ್ಟೆ. ಅವರೇ ದೊಡ್ಡಾಸ್ಪತ್ರೆಯ ಮನಸ್ಸಿನ ಡಾಕ್ಟರ ಬಳಿ ಕರೆದೊಯ್ದರು. ಮಾತ್ರೆಯೂ ಹಿಡಿಯಿತು, ಮಾತೂ ಹಿಡಿಯಿತು. ಕೆರೆಯ ಕಡೆಗೆ ಮಾತ್ರ ಕಾಲೇಳಲಿಲ್ಲ.

ಏರಿ ಕಟ್ಟಿಸಿದ ಮೇಲೆ ಈ ವರ್ಷವೇ ಕೆರೆ ತುಂಬಿದ್ದು. ತುಂಬಿದರೆ ಬೀದಿಯ ಹೆಂಗಸರೆಲ್ಲ ಮೊರದಲ್ಲಿ ಅರಿಸಿನ, ಕುಂಕುಮ, ಬಳೆ ಇಟ್ಟು ಗಂಗಮ್ಮನಿಗೆ ಬಾಗಿನ ಕೊಡುವುದು ನಮ್ಮಲ್ಲಿ ರೂಢಿ.

"ಮನೆ ಮುಳುಗಿಸಿದೋಳ್ಗೆ ಬಳೆ ಬೇರೆ ಕೇಡು!" ಎಂದೆ.

"ಕೊಟ್ಟು ಒಸಿ ಬೈದ್ಬುಟ್ಟು ಬಾ," ಎಂದು ಅತ್ತೆ ಕೋಲೂರಿಕೊಂಡು ತಾವೇ ಹೊರಟರು. ಒಬ್ಬರನ್ನೇ ಬಿಡಲಾದೀತೇ?

ಮೊಣಕಾಲುದ್ದ ನೀರಿಗಿಳಿದೆ. ಕಣ್ಣು ಮುಚ್ಚಿ ಮೊರ ತೇಲಿಬಿಟ್ಟು ಕೂಗಿದೆ: "ತಗೋ ತಾಯಿ! ಇನ್ನೊಂದ್ಸಲ ನನ್ನ ಅಡುಗೆಮನೆಗೆ ಬಂದ್ರೆ ಮಾತ್ರ ನೋಡು!"

ಹೆಂಗಸರು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಕೆರೆಯ ನೀರಲ್ಲಿ ನಿಂತು!

ಬರುವಾಗ ಮಳೆ ಹಿಡಿಯಿತು. ನಾನು ಓಡಲಿಲ್ಲ. "ಅತ್ತೆ, ಆವತ್ತು ನಿಮ್ಗೆ ಭಯವೇ ಆಗ್ಲಿಲ್ವಾ?" ಎಂದೆ.

"ಆಗ್ದೆ ಏನು? ನಿನ್ ನೋಡ್ಕೊಳೋದ್ರಲ್ಲಿ ಪುರುಸೊತ್ತು ಸಿಕ್ಬೇಕಲ್ಲ!"

ಭಯಪಡುವ ಆ ಪುರುಸೊತ್ತು ಅವರಿಗೆ ಈಗ ಸಿಕ್ಕಿದೆಯೇನೋ. ಒಳಗೆ ಕಂಬಳಿ ಹೊದ್ದು, ಬಾಗಿಲನ್ನೇ ನೋಡುತ್ತಾ ಕೂತಿದ್ದಾರೆ. ಮಳೆ ನಿಂತಿಲ್ಲ. ಹೋಗಿ ಪಕ್ಕದಲ್ಲಿ ಕೂರುತ್ತೇನೆ.