ಚಹಾದ ಜೋಡಿಯ ಗುಳಿಗೆ

ಸುರಪುರ ಸೀಮೆಯ ಮೆಣಸಿನಕಾಯಿಗಳನ್ನು ನಿಮ್ಮ ಯಮ ಯಾರೆಂದು ಕೇಳಿದ್ದರೆ, ಅವು ಗಿಡದ ಮೇಲಿದ್ದುಕೊಂಡೇ ಅಯ್ಯಮ್ಮನ ಹೆಸರು ಹೇಳುತ್ತಿದ್ದವು. ಒಂದು ರೊಟ್ಟಿಗೆ ನಾಲ್ಕು ಹಸಿಮೆಣಸು ಜಗಿದೂ ಕಣ್ಣು ಒದ್ದೆಯಾಗದ ಈ ಮಹಾತಾಯಿ, ಊರಿಗೆ ಕಾಲುವೆ ಬಂದು ಭತ್ತ ಬೆಳೆಯತೊಡಗಿದ ಮೇಲೆ ಹನ್ನೆರಡು ಹೆಂಗಸರ ನಾಟಿ ದಂಡಿಗೆ ದಂಡನಾಯಕಿಯಾದಳು. ಗದ್ದೆಯ ಕೆಸರಿಗೆ ಮೊದಲು ಬೀಳಬೇಕಾದದ್ದು ಅವಳ ಕಾಲು.

ಅಂಥವಳ ಹೊಟ್ಟೆಗೆ ಒಂದು ಬೇಸಿಗೆಯಲ್ಲಿ ಬೆಂಕಿ ಬಿತ್ತು. ಹಸಿವಾದರೆ ಸಾಕು, ಒಳಗೆ ಯಾರೋ ಕೊಳ್ಳಿ ತಿರುವಿದಂತೆ. ಊರೆಲ್ಲ ಮೆಣಸಿನಕಾಯಿಯನ್ನೇ ಅಪರಾಧಿ ಎಂದಿತು. ಅಯ್ಯಮ್ಮ ತಿಂಗಳುಗಟ್ಟಲೆ ಸಪ್ಪೆ ಬೇಳೆ ಉಂಡಳು. ಉರಿ ಹೋಗಲಿಲ್ಲ. ಕಾಲುವೆಗೆ ನೀರು ಬಿಡುವ ಹೊತ್ತಿಗೆ ಅವಳು ಏಳದಿದ್ದರೆ ದಂಡು ಅದರಲ್ಲೇ ಇದ್ದ ಸುಂದ್ರಮ್ಮನ ಕೈಗೆ ಎಂದು ಹೊಲದ ಒಡೆಯರು ಆಗಲೇ ತೀರ್ಮಾನಿಸಿದ್ದರು.

ಗೆಳತಿ ಮಕ್ತುಂಬಿ ಅವಳನ್ನು ದವಾಖಾನೆಗೆ ಎಳೆದೊಯ್ದಳು. ಡಾಕ್ಟರಮ್ಮ ಗಂಟಲಲ್ಲಿ ಕೊಳವೆ ಇಳಿಸಿ ನೋಡಿ ಜಠರದಲ್ಲಿ ಹುಣ್ಣಾಗಿದೆ ಎಂದರು. ಇಂಥ ಹುಣ್ಣು ಮಾಡುವ ಕ್ರಿಮಿಯೊಂದಿದೆಯಂತೆ. ಹುಡುಕಿದರೆ ಅವಳ ಹೊಟ್ಟೆಯಲ್ಲಿ ಅದು ಸಿಗಲಿಲ್ಲ. ಏನಾದರೂ ಔಷಧ ತೆಗೆದುಕೊಳ್ಳುತ್ತೀಯಾ ಎಂದು ಮೂರು ಸಲ ಕೇಳಿದರು. ಮೂರು ಸಲವೂ ಅಯ್ಯಮ್ಮ, ತಾನು ಔಷಧ ಮುಟ್ಟುವವಳೇ ಅಲ್ಲ ಎಂದಳು.

“ಮತ್ತ ದಿನಾ ಮುಂಜಾನಿ ಎರಡು ಸೊಂಟದ ಗುಳಿಗಿ ನುಂಗ್ತಿಯಲ್ಲ?” ಎಂದಳು ಮಕ್ತುಂಬಿ.

“ಅದು ಔಷಧ ಹೆಂಗಾಗ್ತದ? ಅದು ಚಾದ ಜೋಡಿ ತಗೊಳ್ಳೋದು.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಖಾಲಿ ಹೊಟ್ಟೆ, ಚಹಾ, ಕಿರಾಣಿ ಅಂಗಡಿಯ ನೋವಿನ ಗುಳಿಗೆ: ದಿನವಿಡೀ ಬಗ್ಗಿ ಸಸಿ ಹಚ್ಚುವ ಹೆಂಗಸರಿಗೆಲ್ಲ ಇದೇ ಮುಂಜಾನೆಯ ಪೂಜೆ. ಹೊಟ್ಟೆಯ ಆಮ್ಲ ಹೊಟ್ಟೆಯನ್ನೇ ತಿನ್ನದಂತೆ ಒಳಗೋಡೆಗೆ ಲೋಳೆಯ ಲೇಪವಿರುತ್ತದೆ. ಗುಳಿಗೆ ಆ ಲೇಪವನ್ನು ತೆಳುವಾಗಿಸಿತ್ತು. ಆಮ್ಲ ಬರಿಗೋಡೆಯನ್ನು ಸುಡುತ್ತಿತ್ತು. ಖಾರ ಉರಿ ಹೆಚ್ಚಿಸಿರಬಹುದು, ಹುಣ್ಣು ಮಾಡಿದ್ದು ಅದಲ್ಲ. ಮೆಣಸಿನಕಾಯಿ ಗೌರವಪೂರ್ವಕವಾಗಿ ಬಿಡುಗಡೆಯಾಯಿತು.

ಗುಳಿಗೆ ಬಂದ್ ಆಯಿತು. ಆಮ್ಲ ತಗ್ಗಿಸುವ ಮದ್ದು ಎಂಟು ವಾರ ನಡೆದು ಹುಣ್ಣೂ ಮಾಯಿತು. ಆದರೆ ಗುಳಿಗೆಯಿಲ್ಲದ ಸೊಂಟ ಕೆಸರಿನಲ್ಲಿ ತಾಳೀತೇ? ನೀರು ಬಂದ ದಿನ ಸುಂದ್ರಮ್ಮ ಪಟ್ಟಾಭಿಷೇಕಕ್ಕೆ ಬಂದವಳಂತೆ ಬದುವಿನ ಮೇಲೆ ಕೂತಿದ್ದಳು. ಅಯ್ಯಮ್ಮ ಮೊದಲ ಹೆಜ್ಜೆ ಇಟ್ಟವಳು ಸಂಜೆಯವರೆಗೂ ಸಾಲು ಬಿಡಲಿಲ್ಲ. ಕೊಡೇಕಲ್ಲಿನ ದೇವರಿಗೆ ಹರಕೆ ಹೊತ್ತಳೋ, ಯಾರಿಂದ ಬೇರು ಕಟ್ಟಿಸಿಕೊಂಡಳೋ ಎಂದು ಬದುವಿನ ಮೇಲೆಲ್ಲ ಗುಸುಗುಸು. ಸುಂದ್ರಮ್ಮ ತಡೆಯಲಾರದೆ ಕೇಳಿಯೇ ಬಿಟ್ಟಳು.

“ಖರೇ ಹೇಳಕ್ಕಾ, ಏನು ಮಾಡ್ಕೊಂಡು ಬಂದೀ?”

“ಏನಿಲ್ಲವಾ. ಸೊಂಟ ನೊಂದಾಗೊಮ್ಮೆ ಎದ್ದು ನಿಲ್ತೀನಿ.”