ಬೆಂಡಿನಲ್ಲಿ ವಾಲದ ಕಾರು

2022ರ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಹುಣಸೂರು ತಾಲ್ಲೂಕಿನ ನಮ್ಮ ಊರಿನಲ್ಲಿ, ನನ್ನ ಅಣ್ಣನ ತಂಬಾಕು ಒಣಗಿಸುವ ಬ್ಯಾರನ್ನಿನೊಳಗೆ ಸೊಪ್ಪು ಏರಿಸುತ್ತಿದ್ದ ಚಲುವರಾಜ ಸುಮಾರು ಹನ್ನೆರಡು ಅಡಿ ಎತ್ತರದಿಂದ ಬಿದ್ದ. ಆಗ ಅವನಿಗೆ ಮೂವತ್ತನಾಲ್ಕು ವರ್ಷ. ಅವನನ್ನು ಮೈಸೂರಿನ ಆಸ್ಪತ್ರೆಗೆ ಸಾಗಿಸಿದ್ದು ನನ್ನ ಕಾರಿನಲ್ಲಿ. ಓಡಿಸಿದವನು ನಾನೇ.

ನಾನು ಒಂದು ದಿನಪತ್ರಿಕೆಗೆ ಹುಣಸೂರಿನಿಂದ ಸುದ್ದಿ ಕಳಿಸುತ್ತೇನೆ. ಅಪಘಾತದ ಸುದ್ದಿಗಳನ್ನು ಬಹಳ ಬರೆದಿದ್ದೇನೆ. ಕಂಡದ್ದನ್ನು ಕಂಡೆ ಎಂದು, ಕೇಳಿದ್ದನ್ನು ಯಾರು ಹೇಳಿದರು ಎಂದು ಬರೆಯಬೇಕು. ನಡುವೆ ನಮ್ಮದೇನನ್ನೂ ಸೇರಿಸಬಾರದು ಎಂದು ಕಲಿಸಿದ್ದಾರೆ. ಇದನ್ನೂ ಹಾಗೆಯೇ ಬರೆಯಲು ಪ್ರಯತ್ನಿಸುತ್ತೇನೆ.

ಮೊದಲು ಕಾರಿನ ವಿಷಯ. ಸುದ್ದಿಗಾಗಿ ನಾನು ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದು ವಾರವಿಡೀ ತಿರುಗುತ್ತೇನೆ. ಕಾರು ಒಂಬತ್ತು ವರ್ಷದ ಹಳೆಯದು. ಆ ವರ್ಷದ ಜೂನ್‌ನಲ್ಲಿ ಕೋಟೆ ರಸ್ತೆಯ ಒಂದು ಬೆಂಡಿನಲ್ಲಿ ಎದುರಿಗೆ ಟ್ರ್ಯಾಕ್ಟರ್ ಬಂತು. ಸ್ಟಿಯರಿಂಗ್ ತಿರುಗಿಸಿದೆ. ಕಾರು ಒಂದು ಕಡೆಗೆ ವಾಲಿ, ಹಿಂಭಾಗ ಜಾರಿ, ಎಡಚಕ್ರ ಮಣ್ಣಿಗಿಳಿದು ಹುಣಸೆಮರದ ಒಂದು ಮಾರು ಈಚೆ ನಿಂತಿತು. ಪಕ್ಕದಲ್ಲಿದ್ದ ಹೆಂಡತಿ, "ಇನ್ಮೇಲೆ ಈ ಗಾಡೀಲಿ ನನ್ನ ಕೂರಿಸ್ಬೇಡಿ ಕಣ್ರೀ" ಎಂದಳು.

ಮರುದಿನ ನಯಾಜನ ಬಳಿಗೆ ಹೋದೆ. ಹುಣಸೂರಿನಲ್ಲಿ ಅವನದು ಚಿಕ್ಕ ಗ್ಯಾರೇಜು. ಅವನ ತಂದೆ ಮರದ ದಿಮ್ಮಿ ಹೊರುವ ಲಾರಿಗಳ ಸ್ಪ್ರಿಂಗ್ ಪಟ್ಟಿ ಕಟ್ಟುತ್ತಿದ್ದವರು. ಮಗ ಕಾರಿಗೆ ಬಂದಿದ್ದಾನೆ. ನಯಾಜ್ ಕಾರಿನ ಮೂತಿಯ ಮೇಲೆ ಎರಡೂ ಕೈಯಿಟ್ಟು ಅದುಮಿ ಬಿಟ್ಟ. ಕಾರು ಏಳುತ್ತ ಬೀಳುತ್ತ ಇತ್ತು.

"ನೋಡಿ ಸಾರ್, ಒಂದ್ಸಲ ಅದುಮುದ್ರೆ ಒಂದ್ಸಲ ಎದ್ದು ನಿಂತ್ಕಬೇಕು. ಇದು ತೊಟ್ಲು ತೂಗ್ದಂಗೆ ತೂಗ್ತಾ ಅದೆ. ಶಾಕ್ ನಾಲ್ಕೂ ಸತ್ತೋಗವೆ."

"ಸ್ಪ್ರಿಂಗು?"

"ಸ್ಪ್ರಿಂಗ್ ಚೆನ್ನಾಗವೆ. ಸುಮ್ನೆ ಯಾಕೆ ಬಿಚ್ತೀರಾ? ಶಾಕ್ ಮಾತ್ರ ಹಾಕ್ಸಿ."

ನಾನು ಅಷ್ಟರಲ್ಲಿ ಮೊಬೈಲಿನಲ್ಲಿ ಸಾಕಷ್ಟು ನೋಡಿಕೊಂಡಿದ್ದೆ. ಕಾರಿನ ಭಾರ ಹೊರುವುದು ಸ್ಪ್ರಿಂಗು, ಆ ಸ್ಪ್ರಿಂಗಿನ ಕುಣಿತವನ್ನು ತಡೆಯುವುದು ಶಾಕ್. ಸ್ಪ್ರಿಂಗ್ ಗಿಡ್ಡವೂ ಗಟ್ಟಿಯೂ ಆದಷ್ಟು ಕಾರು ನೆಲಕ್ಕೆ ಹತ್ತಿರ ಕೂರುತ್ತದೆ, ತಿರುವಿನಲ್ಲಿ ವಾಲುವುದಿಲ್ಲ. ನನಗೆ ಎರಡೂ ಬೇಕು ಎಂದೆ: ಗಟ್ಟಿ ಸ್ಪ್ರಿಂಗು, ಅದಕ್ಕೆ ಹೊಂದುವ ಗ್ಯಾಸ್ ಶಾಕ್.

ನಯಾಜ್ ಬಟ್ಟೆಯಲ್ಲಿ ಕೈ ಒರೆಸಿಕೊಂಡ. "ಬೆಂಡಲ್ಲಿ ಹಿಡ್ಕತದೆ ಸಾರ್, ಸುಳ್ಳು ಹೇಳಲ್ಲ. ಆದ್ರೆ ಗುಂಡಿಗೆ ಬಿದ್ರೆ ಏಟು ನೇರ ಸೀಟಿಗೇ ಬತ್ತದೆ. ನಿಮ್ದು ಹಳ್ಳಿ ರಸ್ತೆ, ಹಂಪಿನ ರಸ್ತೆ. ಎರಡೂ ಕಡೆ ಸುಖ ಕೊಡೋ ಸ್ಪ್ರಿಂಗನ್ನ ಇನ್ನೂ ಯಾರೂ ಮಾಡಿಲ್ಲ."

"ಓಡಾಡೋನು ನಾನೊಬ್ಬನೇ ತಾನೇ?"

"ಅರೆ, ಬೆನ್ನು ನಿಮ್ದೇ ಬುಡಿ, ನಂಗೇನು?" ಎಂದು ನಕ್ಕ.

ಮೈಸೂರಿನಿಂದ ಸಾಮಾನು ತರಿಸಿ ಹಾಕಿದ. ತೆಗೆದ ನಾಲ್ಕು ಹಳೆಯ ಸ್ಪ್ರಿಂಗುಗಳನ್ನು ತಂತಿಯಲ್ಲಿ ಕಟ್ಟಿ ಗೋಣಿಚೀಲಕ್ಕೆ ತುಂಬಿಕೊಟ್ಟು, "ಗುಜರಿಗೆ ಹಾಕ್ಬೇಡಿ. ಒಂದಿನ ಇವನ್ನೇ ಎತ್ಕಂಡು ಬತ್ತೀರಾ" ಎಂದ. ಚೀಲವನ್ನು ಮನೆಯ ಹಿಂದೆ ಸೌದೆಯ ಪಕ್ಕ ಇಟ್ಟೆ.

ಕಾರು ಬೇರೆಯದೇ ಆಗಿತ್ತು. ಭೇರ್ಯದ ಕಡೆಯ ತಿರುವುಗಳಲ್ಲಿ ಹಳಿಯ ಮೇಲೆ ಹೋದಂತೆ ಹೋಗುತ್ತಿತ್ತು. ಊರಿಗೆ ಹೋದಾಗ ಸಿಕ್ಕವರಿಗೆಲ್ಲ ಹೇಳಿದೆ. ಚಲುವ ನಮ್ಮ ಮನೆಯ ಹಿಂದಿನ ಬೀದಿಯವನು, ಬಾಯಿ ಸುಮ್ಮನಿರದ ಮನುಷ್ಯ. ಕಾರಿನ ಸುತ್ತ ಒಂದು ಸುತ್ತು ಬಂದು, "ಏನ್ ಪೇಪರಣ್ಣ, ಗಾಡಿ ಕುಳ್ಳಾಗೋಗದೆ? ಮೇವು ಹಾಕ್ತಿಲ್ವಾ?" ಎಂದ. ಹತ್ತಿಸಿಕೊಂಡೆ. ಅವನ ಕೈಯಲ್ಲಿ ಹೊಲಕ್ಕೆ ಒಯ್ಯುತ್ತಿದ್ದ ಮಜ್ಜಿಗೆ ಚೊಂಬಿತ್ತು. ಕೆರೆ ಏರಿಯ ಎರಡು ತಿರುವುಗಳಲ್ಲಿ ಬೇಕೆಂದೇ ಜೋರಾಗಿ ಹೋದೆ. ಒಂದು ತೊಟ್ಟೂ ಚೆಲ್ಲಲಿಲ್ಲ. ಏರಿ ಮುಗಿದು, ವೇಗ ತಡೆಯಲು ಹಾಕಿದ ಹಂಪು ಬಂತು. ಚಲುವನ ತಲೆ ಮೇಲಿನ ತಗಡಿಗೆ ಬಡಿಯಿತು, ಮಜ್ಜಿಗೆ ಅರ್ಧ ಅವನ ಪಂಚೆಯ ಮೇಲಿತ್ತು.

"ಅಯ್ಯೋ ನನ್ ಸೊಂಟ! ಬೆಂಡಲ್ಲಿ ಮಂಚ, ಹಂಪಲ್ಲಿ ಒರಳು ಕಣಣ್ಣ ಇದು!"

ಊರಿನಲ್ಲಿ ಇಬ್ಬರೂ ಹೇಳಿಕೊಂಡು ನಕ್ಕೆವು. ಆದರೆ ಜನರ ಬಾಯಲ್ಲಿ ಉಳಿದದ್ದು ಮೊದಲರ್ಧ ಮಾತ್ರ. 'ತಿರುವಿನಲ್ಲಿ ಮಜ್ಜಿಗೆ ಚೆಲ್ಲದ ಕಾರು' ಎಂದು ಅದಕ್ಕೆ ಹೆಸರಾಯಿತು. ನಾನೂ ಆ ಅರ್ಧವನ್ನೇ ಹೇಳುತ್ತಿದ್ದೆ.

ಆಗಸ್ಟ್ ನಮ್ಮಲ್ಲಿ ಬ್ಯಾರನ್ ತುಂಬುವ ಕಾಲ. ಹೆಂಗಸರು ಹಸಿ ತಂಬಾಕಿನ ಎಲೆಗಳನ್ನು ಕಡ್ಡಿಗಳಿಗೆ ಕಟ್ಟುತ್ತಾರೆ. ಗಂಡಸರು ಬ್ಯಾರನ್ನಿನೊಳಗೆ ಅಂತಸ್ತು ಅಂತಸ್ತಾಗಿ ಹಾಕಿದ ಗಳಗಳ ಮೇಲೆ ಆಚೆ ಒಂದು ಕಾಲು ಈಚೆ ಒಂದು ಕಾಲು ಇಟ್ಟು ನಿಂತು, ಕಡ್ಡಿಗಳನ್ನು ಕೆಳಗಿನವನಿಂದ ಮೇಲಿನವನಿಗೆ ದಾಟಿಸಿ ನೇತುಹಾಕುತ್ತಾರೆ. ಕೂಲಿಯವರು ಸಿಗುವುದಿಲ್ಲ. ಮುಯ್ಯಾಳು ಪದ್ಧತಿ ಇನ್ನೂ ಇದೆ. ಇವತ್ತು ಅವರು ನಮ್ಮ ಬ್ಯಾರನ್ನಿಗೆ ಬಂದರೆ ಇನ್ನೊಂದು ದಿನ ನಮ್ಮ ಮನೆಯವರು ಅವರ ಬ್ಯಾರನ್ನಿಗೆ ಹೋಗಬೇಕು. ಚಲುವ, ಅವನ ಹೆಂಡತಿ ಮಂಜುಳಾ ಆ ದಿನ ನಮ್ಮ ಅಣ್ಣನಿಗೆ ಮುಯ್ಯಾಳಾಗಿ ಬಂದಿದ್ದರು. ನಾನು ಊಟಕ್ಕೆಂದು ಊರಿಗೆ ಹೋಗಿದ್ದೆ.

ಬಿದ್ದದ್ದನ್ನು ನಾನು ನೋಡಲಿಲ್ಲ. ಸದ್ದು ಕೇಳಿ ಓಡಿದೆ. ಗಳ ಮುರಿಯಿತು ಎಂದು ಅಣ್ಣ ಹೇಳಿದ. ಎರಡು ತುಂಡಾದ ಗಳವನ್ನು ಆಮೇಲೆ ನೋಡಿದೆ. ನೆಲದಲ್ಲಿ ಬಿಸಿ ಹಾಯುವ ತಗಡಿನ ಕೊಳವೆಯ ಮೇಲೆ ಚಲುವ ಬೆನ್ನಡಿಯಾಗಿ ಬಿದ್ದಿದ್ದ. ಇನ್ನೂ ಬೆಂಕಿ ಹಾಕಿರಲಿಲ್ಲ. ಎಚ್ಚರವಿತ್ತು. "ಸೊಂಟ ಕಣಣ್ಣ... ಸೊಂಟ ಓಯ್ತು" ಎನ್ನುತ್ತಿದ್ದ. ನಾಲ್ವರು ಕೈಕಾಲು ಹಿಡಿದು ಹೊರಗೆ ಎತ್ತಿ ತಂದರು. ಬಾಗಿಲ ಬಳಿ ಅವನು, "ಏ, ಕಾಲ ಬುಡ್ಲಾ, ನೋಯ್ತದೆ" ಎಂದು ಹಿಡಿದವನ ಕೈಯಿಂದ ಎಡಗಾಲನ್ನು ಎಳೆದುಕೊಂಡ. ಇದನ್ನು ನಾನು ನೋಡಿದೆ. ಬೆರಳುಗಳು ಮಡಚಿ ಬಿಚ್ಚಿದ್ದೂ ಕಂಡಿತು.

ಆಂಬುಲೆನ್ಸ್‌ಗೆ ಅಣ್ಣ ಕರೆ ಮಾಡಿದ. ಬೇರೆ ರೋಗಿಯನ್ನು ಇಳಿಸಿ ಬರಬೇಕು, ಮುಕ್ಕಾಲು ಗಂಟೆಯಾಗುತ್ತದೆ ಎಂದರು. ಹತ್ತು ಮನೆಯಾಚೆ ಪುಟ್ಟೇಗೌಡರ ಹಳೆಯ ಅಂಬಾಸಿಡರ್ ಇತ್ತು. ಅವರೇ ಬಂದು, "ನಂದು ಮೆತ್ತಗೆ ಓಯ್ತದೆ ಕಣಪ್ಪಾ, ಸೀಟೂ ಅಗಲ. ಆದ್ರೆ ನಿಧಾನ. ಬೆಂಡಲ್ಲಿ ದೋಣಿ ಆಡ್ದಂಗೆ ಆಡ್ತದೆ. ನೋಡಿ, ಎಂಗ್ ಮಾಡಾನ?" ಎಂದರು.

ಮಂಜುಳಾಳ ಎರಡೂ ಕೈ ತಂಬಾಕಿನ ಅಂಟಿನಿಂದ ಕಪ್ಪಾಗಿದ್ದವು. ಆ ಕೈಯಲ್ಲೇ ನನ್ನ ತೋಳು ಹಿಡಿದು, "ಅಣ್ಣಾ, ಮಜ್ಜಿಗೆ ಚೆಲ್ದಿರೋ ನಿಮ್ ಗಾಡೀಲೇ ಕರ್ಕಂಡೋಗಣ್ಣಾ" ಎಂದಳು.

ಎಲ್ಲರೂ ನನ್ನ ಮುಖ ನೋಡಿದರು. "ನನ್ನದರಲ್ಲೇ ಹೋಗೋಣ" ಎಂದೆ. ತೀರ್ಮಾನ ನನ್ನದು.

ಹಿಂದಿನ ಸೀಟಿನಲ್ಲಿ ಅವನನ್ನು ನೀಳವಾಗಿ ಮಲಗಿಸಲು ಆಗಲಿಲ್ಲ. ಮಂಡಿ ಮಡಚಿ, ತಲೆಯನ್ನು ಮಂಜುಳಾಳ ತೊಡೆಯ ಮೇಲಿಟ್ಟರು. ಚಲುವನ ಅಣ್ಣ ನನ್ನ ಪಕ್ಕ ಕುಳಿತ. ನಮ್ಮ ಊರಿನಿಂದ ವೀರನಹೊಸಹಳ್ಳಿ ರಸ್ತೆ ಸೇರಿ ಹುಣಸೂರು ಮುಟ್ಟುವವರೆಗೆ ಆಗ ಎಂಟು ಹಂಪುಗಳಿದ್ದವು. ಎಣಿಕೆ ನನ್ನದೇ. ಬಣ್ಣ ಬಳಿಯದ ಹಂಪುಗಳ ಬಗ್ಗೆ ಆ ಬೇಸಿಗೆಯಲ್ಲಿ ಸುದ್ದಿ ಮಾಡಿದ್ದೆ. ನಾಲ್ಕು ಸಾಲು ಅಚ್ಚಾಗಿತ್ತು.

ಮೊದಲನೆಯ ಹಂಪಿಗೆ ಚಲುವ ಕಿರುಚಿದ. ಎರಡನೆಯದಕ್ಕೆ ಮನುಷ್ಯ ನಡೆಯುವಷ್ಟು ನಿಧಾನ ಮಾಡಿದೆ. ಆದರೂ ಏಟು ತಪ್ಪಲಿಲ್ಲ. ಹಳೆಯ ಸ್ಪ್ರಿಂಗು ಕುಗ್ಗಿ ನುಂಗುತ್ತಿದ್ದ ಏಟನ್ನು ಇದು ಕುಗ್ಗದೆ ಮೇಲಕ್ಕೆ ದಾಟಿಸುತ್ತಿತ್ತು. ಮುಂದಿನ ಚಕ್ರಕ್ಕೆ ಒಂದು, ಹಿಂದಿನ ಚಕ್ರಕ್ಕೆ ಇನ್ನೊಂದು. ಮೂರನೆಯದು ದಾಟಿದಾಗ, "ನಿಲ್ಸಣ್ಣಾ, ಕೈ ಮುಗೀತೀನಿ ನಿಲ್ಸಣ್ಣಾ" ಎಂದ. ನಿಲ್ಲಿಸಿದೆ. 'ಹಂಪಲ್ಲಿ ಒರಳು' ಎಂದು ಅವನೇ ಹೇಳಿದ್ದು ನೆನಪಾಯಿತು. ಹಿಂತಿರುಗಿ ಪುಟ್ಟೇಗೌಡರ ಕಾರು ತರೋಣವೇ ಎಂದು ಕೇಳಿದೆ. "ಇಷ್ಟು ದೂರ ಬಂದು ಇನ್ಯಾಕೆ ಹಿಂದಕ್ಕೆ? ನಡೀರಿ" ಎಂದ ಅವನ ಅಣ್ಣ. ಮುಂದೆ ಹೊರಟೆ. ನಾಲ್ಕನೆಯದು, ಐದನೆಯದು. ಐದನೆಯದಕ್ಕೆ ಕೂಗಿದ ಕೂಗನ್ನು ಇಲ್ಲಿ ಬರೆಯಲು ಆಗುವುದಿಲ್ಲ.

ಆರನೆಯ ಹಂಪಿಗೆ ಕೂಗು ಬರಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಕಣ್ಣು ತೆರೆದಿದ್ದ.

"ಚಲುವಾ?"

"ಊಂ, ಅಣ್ಣ."

"ನೋವು ಹೆಂಗದೆ?"

"ಈಗ ಇಲ್ಲ ಕಣಣ್ಣ. ಸೊಂಟದಿಂದ ಕೆಳಗೆ ತಣ್ಣಗಾಯ್ತು. ಬುಡು, ಜೋರಾಗಿ ಓಡ್ಸು."

"ಸದ್ಯ, ದೇವ್ರು ಕಣ್ಬುಟ್ಟ" ಎಂದಳು ಮಂಜುಳಾ. ಅವಳು ಅಳುತ್ತ ನಗುತ್ತಿದ್ದಳು. ನನಗೂ ಸಮಾಧಾನವಾಯಿತು. ಇದನ್ನು ಮುಚ್ಚಿಡುವುದಿಲ್ಲ, ಆ ಕ್ಷಣ ನನಗೆ ನಿಜವಾಗಿಯೂ ಸಂತೋಷವಾಯಿತು. ಉಳಿದ ಎರಡು ಹಂಪುಗಳನ್ನು ಅಷ್ಟು ನಿಧಾನವಾಗಿ ದಾಟಲಿಲ್ಲ. ಮೈಸೂರು ರಸ್ತೆಯಲ್ಲಿ ವೇಗವಾಗಿ ಹೋದೆ. ತಿರುವುಗಳಲ್ಲಿ ಕಾರು ಸ್ವಲ್ಪವೂ ವಾಲಲಿಲ್ಲ.

ಆಸ್ಪತ್ರೆಯಲ್ಲಿ ವೈದ್ಯರು ಅವನ ಪಾದಕ್ಕೆ ಸೂಜಿಯಿಂದ ಚುಚ್ಚಿದರು. "ಗೊತ್ತಾಗ್ತಿದೆಯಾ?" ಎಂದರು. "ಏನು ಸಾರ್?" ಎಂದ ಚಲುವ.

ಹೊರಗೆ ಬಂದು ನಮ್ಮನ್ನು ಕೇಳಿದರು: "ಬಿದ್ದ ತಕ್ಷಣ ಕಾಲು ಆಡಿಸ್ತಿದ್ರಾ?"

ಚಲುವನ ಅಣ್ಣ ಗೊತ್ತಿಲ್ಲ ಎಂದ. ಬಾಗಿಲ ಬಳಿ ನಡೆದದ್ದನ್ನು ಗಮನವಿಟ್ಟು ನೋಡಿದವನು ಬಹುಶಃ ನಾನೊಬ್ಬನೇ. "ಆಡಿಸಿದ. ಎಡಗಾಲು ಎಳೆದುಕೊಂಡ. ನಾನು ನೋಡಿದೆ" ಎಂದೆ.

"ಯಾವಾಗ ನಿಂತಿತು?"

"ಆರನೇ ಹಂಪಿನ ಮೇಲೆ ನೋವಿಲ್ಲ ಅಂದ."

ವೈದ್ಯರು ಅದನ್ನು ಬರೆದುಕೊಂಡರು. ಮಂಜುಳಾ ನನ್ನ ಕಡೆ ನೋಡಿದಳು.

ಸಂಜೆ ವೈದ್ಯರು ಒಬ್ಬರೇ ಸಿಕ್ಕಾಗ, ಕಾಲು ಯಾವುದರಿಂದ ಹೋಯಿತು ಎಂದು ನೇರವಾಗಿ ಕೇಳಿದೆ. "ಬಿದ್ದ ಏಟಿಗೇ ಆಗಿರಬಹುದು. ಆಮೇಲೆ ಊತ ಬಂದು ಆಗಿರಬಹುದು. ದಾರಿಯಲ್ಲಿ ಅಲುಗಾಡಿಯೂ ಆಗಿರಬಹುದು. ಯಾವುದು ಅಂತ ಯಾರೂ ಹೇಳೋಕಾಗಲ್ಲ. ಹಲಗೆ ಮೇಲೆ ಮಲಗಿಸಿ, ಕಟ್ಟಿ ತರಬೇಕಿತ್ತು" ಎಂದರು.

ಅಷ್ಟು ಹೊತ್ತಿಗೆ ಊರಿನಿಂದ ನನ್ನ ಅಣ್ಣನ ಫೋನ್ ಬಂದಿತ್ತು. ನಾವು ಹೊರಟ ಇಪ್ಪತ್ತು ನಿಮಿಷಕ್ಕೆ ಆಂಬುಲೆನ್ಸ್ ಬ್ಯಾರನ್ನಿನ ಮುಂದೆ ಬಂದು ನಿಂತಿತ್ತು. ಅದರಲ್ಲಿ ಹಲಗೆ ಇತ್ತು.

ಬೆನ್ನಿಗೆ ಶಸ್ತ್ರಚಿಕಿತ್ಸೆಯಾಗಿ ಕಂಬಿ ಹಾಕಿದರು. ಚಲುವ ಮೂರು ವಾರದ ಮೇಲೆ ಊರಿಗೆ ಬಂದ. ಕಾಲು ಬರಲಿಲ್ಲ.

ಅದೇ ವಾರ ಗೋಣಿಚೀಲ ತೆಗೆದುಕೊಂಡು ನಯಾಜನ ಬಳಿಗೆ ಹೋದೆ. ಅವನಿಗೆ ಸುದ್ದಿ ಮುಟ್ಟಿತ್ತು. ತಮಾಷೆ ಮಾಡಲಿಲ್ಲ. ಚೀಲ ಬಿಚ್ಚಿ ಒಂದೊಂದೇ ಸ್ಪ್ರಿಂಗನ್ನು ಒರೆಸಿ ಸಾಲಾಗಿ ಇಟ್ಟ.

"ನಾನು ಹಾಕ್ಬಾರ್ದಿತ್ತು ಸಾರ್."

"ನೀನು ಬೇಡ ಅಂದಿದ್ದೆ."

"ಬೇಡ ಅಂದೆ. ಆಮೇಲೆ ಹಾಕಿದ್ದೂ ನಾನೇ ಅಲ್ವಾ?"

ಬಿಚ್ಚಿದ ಗಟ್ಟಿ ಸ್ಪ್ರಿಂಗುಗಳನ್ನು ಕೊಳ್ಳಲು ಪಿರಿಯಾಪಟ್ಟಣದ ಒಬ್ಬ ಯುವಕ ಎರಡು ಸಲ ಬಂದು ಕೇಳಿದನಂತೆ. ನಯಾಜ್ ಕೊಡಲಿಲ್ಲ. ಈಗಲೂ ಅವನ ಗ್ಯಾರೇಜಿನ ಹಿಂದಿನ ಗೋಡೆಯಲ್ಲಿ ನೇತಾಡುತ್ತಿವೆ.

ಮರುವರ್ಷ ಒಂದು ದಿನ ಚಲುವ, "ಅಣ್ಣ, ಅವತ್ತು ಗೌಡ್ರ ಗಾಡೀಲಿ ಓಗಿದ್ರೆ?" ಎಂದು ಕೇಳಿದ.

"ಗೊತ್ತಿಲ್ಲ ಕಣೋ."

"ಪೇಪರ್ನೋರ್ಗೆ ಗೊತ್ತಿಲ್ದಿರೋದೂ ಅದಾ?" ಎಂದು ನಕ್ಕ. ನಾನು ಬೇರೆ ಮಾತು ತೆಗೆದೆ. ಎಡಗಾಲು ಎಳೆದುಕೊಂಡದ್ದನ್ನಾಗಲಿ, ಆರನೆಯ ಹಂಪನ್ನಾಗಲಿ ಅವನ ಮುಂದೆ ಒಮ್ಮೆಯೂ ಹೇಳಿರಲಿಲ್ಲ. ವೈದ್ಯರಿಗೆ ಹೇಳಿದ ನನಗೆ ಅವನ ಮುಂದೆ ಹೇಳಲು ಬಾಯಿ ಬರಲಿಲ್ಲ.

ನಮ್ಮ ಮನೆಯಿಂದ ಅವರಿಗೆ ಒಂದು ದಿನದ ಮುಯ್ಯಿ ಬಾಕಿಯಿತ್ತು. ಕಳೆದ ಆಗಸ್ಟ್‌ನಲ್ಲಿ ಅವರ ಬ್ಯಾರನ್ ತುಂಬುವ ದಿನ ನಾನೇ ಹೋದೆ. ಅಭ್ಯಾಸ ತಪ್ಪಿ ಬಹಳ ವರ್ಷವಾಗಿತ್ತು. ಚಲುವ ಗಾಲಿಕುರ್ಚಿಯನ್ನು ಬಾಗಿಲಿಗೆ ಅಡ್ಡ ತಂದು ನಿಲ್ಲಿಸಿಕೊಂಡು ಕಡ್ಡಿಗಳನ್ನು ಒಳಕ್ಕೆ ಕೊಡುತ್ತಿದ್ದ. ನಾನು ಗಳದ ಮೇಲೆ ಕಾಲಿಟ್ಟಾಗ, "ಮೊದ್ಲು ಅದುಮಿ ನೋಡಣ್ಣ, ಆಮೇಲೆ ಭಾರ ಬುಡು" ಎಂದ.

ತಿಂಗಳಿಗೊಮ್ಮೆ ಅವನನ್ನು ಹುಣಸೂರಿನ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋಗುತ್ತೇನೆ. ಹಳೆಯ ಸ್ಪ್ರಿಂಗುಗಳೇ ಇವೆ. ಕಾರು ತಿರುವಿನಲ್ಲಿ ವಾಲುತ್ತದೆ. ಕಳೆದ ತಿಂಗಳು ಅವನು ಮುಂದಿನ ಸೀಟಿನಲ್ಲಿದ್ದ, ಮಂಜುಳಾ ಹಿಂದೆ ಇದ್ದಳು. ದಾರಿಯಲ್ಲಿ ಒಂದು ಹಂಪಿನ ಮೇಲೆ ಕಾರು ಮೆಲ್ಲಗೆ ಎದ್ದು ಇಳಿಯಿತು.

"ಇದೇ ಅಲ್ವಾ ಅಣ್ಣ, ಆರನೇದು?" ಎಂದ ಚಲುವ. ವೈದ್ಯರಿಗೆ ನಾನು ಹೇಳಿದಾಗ ಮಂಜುಳಾ ಪಕ್ಕದಲ್ಲೇ ಇದ್ದಳು.

ಹೌದು ಎಂದೆ. ಇನ್ನೂ ಎರಡು ಹಂಪುಗಳಿದ್ದವು.