ಚಿತ್ರದ ಪುಟ್ಟಿಗೂ ಎಣ್ಣೆ

ಗೋಡೆಯ ಮೇಲಿನ ಮಗುವಿನ ತಲೆಗೆ ಎಣ್ಣೆ ಹಚ್ಚುವವರನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಪಿರಿಯಾಪಟ್ಟಣದಲ್ಲಿ, ನನ್ನ ಸೋದರತ್ತೆಯ ಮನೆಯಲ್ಲಿ.

ಅದೊಂದು ತೈಲಚಿತ್ರ. ನಾಲ್ಕೈದು ವರ್ಷದ ಹುಡುಗಿ, ಜರಿ ಲಂಗ, ಕೈಯಲ್ಲೊಂದು ಮರದ ಗಿಳಿ. ನಮ್ಮ ಮುತ್ತಜ್ಜನ ಕಾಲದಿಂದ ಮನೆಯಲ್ಲಿದೆ. ಯಾರ ಮಗು, ಯಾರು ಬರೆದದ್ದು, ಒಬ್ಬರಿಗೂ ತಿಳಿಯದು. ಅತ್ತೆ ಅವಳನ್ನು ಪುಟ್ಟಿ ಎನ್ನುತ್ತಾರೆ. (ಅತ್ತೆಗೆ ಮಕ್ಕಳಿಲ್ಲ. ಇದನ್ನು ಒಮ್ಮೆ ಮಾತ್ರ ಬರೆಯುತ್ತೇನೆ.)

ನರಕ ಚತುರ್ದಶಿಯ ಬೆಳಿಗ್ಗೆ ಮನೆಮಂದಿಯ ತಲೆಗೆಲ್ಲ ಹರಳೆಣ್ಣೆ ಹಚ್ಚಿದ ಮೇಲೆ, ಅತ್ತೆ ಸ್ಟೂಲು ಹತ್ತಿ ಪುಟ್ಟಿಯ ನೆತ್ತಿಗೂ ಒಂದು ಬೆರಳು ಸವರುತ್ತಾರೆ. ಎಣ್ಣೆ ತಾಗಿದೊಡನೆ ಅವಳು ಕಣ್ಣು ಕಿರಿದು ಮಾಡಿದಂತೆ ಚಿಕ್ಕಂದಿನಲ್ಲಿ ನನಗೆ ಕಾಣುತ್ತಿತ್ತು. ಈಗ ಹಾಗೆ ಕಾಣುವುದಿಲ್ಲ ಎಂದು ಆಣೆ ಮಾಡಲಾರೆ.

ಈ ವರ್ಷ ಕೆ.ಆರ್. ನಗರದ ದೊಡ್ಡಪ್ಪ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಹೊಸ ಮಾತು ತೆಗೆದರು. ಹಳೆಯ ಪೇಂಟಿಂಗ್‌ಗಳಿಗೆ ಮೈಸೂರಿನಲ್ಲಿ ಒಳ್ಳೆಯ ರೇಟಿದೆಯಂತೆ. ತಜ್ಞರಿಗೆ ತೋರಿಸುವುದು. ಬೆಲೆ ಬಾಳಿದರೆ ಮಾರಿ ಅಣ್ಣ ತಂಗಿ ಹಂಚಿಕೊಳ್ಳುವುದು. ಇಲ್ಲದಿದ್ದರೆ ಅದು ಅತ್ತೆಯ ಬಳಿಯೇ ಇರುವುದು. ಅತ್ತೆ 'ಊಂ' ಎಂದರು. ಅಣ್ಣನಿಗೆ ಬೇರೇನು ಹೇಳಿಯಾರು?

ಕಳೆದ ಭಾನುವಾರ ದೊಡ್ಡಪ್ಪನ ಜೊತೆ ತಜ್ಞರು ಬಂದರು. (ನನ್ನ ಡೈರಿಯ ಪ್ರಕಾರ, ಒಂದೂವರೆ ಗಂಟೆ ತಡವಾಗಿ.) ಚಿತ್ರವನ್ನು ಇಳಿಸಿ, ಕಿಟಕಿಯ ಬೆಳಕಿಗೆ ಒರಗಿಸಿ, ಭೂತಗನ್ನಡಿ ಹಿಡಿದು ಕೂತರು. ಪುಟ್ಟಿ ನೆಲದ ಮೇಲೆ ನಮ್ಮ ಎತ್ತರಕ್ಕೇ ಬಂದಿದ್ದಳು. ಪಕ್ಕದ ಹಿಟ್ಟಿನ ಗಿರಣಿ ನಿಂತಿತ್ತು. ಬಿಸಿಲಲ್ಲಿ ಹಿಟ್ಟಿನ ಧೂಳು ನಿಧಾನ ತೇಲುತ್ತಿತ್ತು. ಯಾರೋ ಕರೆದರೆ ಅವಳು ಎದ್ದೇ ಬಿಡುತ್ತಾಳೆ ಅನ್ನಿಸಿತು.

"ಹತ್ತೊಂಬತ್ತನೇ ಶತಮಾನದ್ದೇ. ಮುಖ ಬರೆದಿರೋ ಕೈ ತುಂಬಾ ಚೆನ್ನಾಗಿದೆ," ಎಂದರು ತಜ್ಞರು.

ದೊಡ್ಡಪ್ಪ ನೆಟ್ಟಗೆ ಕುಳಿತರು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತತೊಡಗಿದರು.

"ಆದರೆ ತಲೆಗೇನಾಗಿದೆ? ಎಣ್ಣೆಗೆ ಧೂಳು ಹಿಡಿದು ಕಪ್ಪಗೆ ಗಟ್ಟಿಯಾಗಿದೆ. ಕೂದಲು, ಹೂವು ಏನೂ ಉಳಿದಿಲ್ಲ. ಇದನ್ನ ಕೊಳ್ಳೋರು ಸಿಗೋದಿಲ್ಲ."

ದೊಡ್ಡಪ್ಪ ತಂಗಿಯತ್ತ ತಿರುಗಿದರು. "ಎಣ್ಣೆ ಅಚ್ಚಿ ಅಚ್ಚಿ ಕೆಡಿಸ್ಬುಟ್ಯಲ್ಲೇ. ಪಟಕ್ಕೆ ಯಾರಾದ್ರೂ ಎಣ್ಣೆ ಇಕ್ತಾರೇನೇ?"

"ಅಬ್ಬದ ದಿನ ಮಗೀನ ತಲೆ ಒಣಗಿರ್ಲಿ ಅಂತೀಯಾ? ಅಬ್ಬಕ್ಕೆ ಬಂದಾಗ್ಲೆಲ್ಲ ನಿನ್ ಬೋಳ್ ತಲೆಗೂ ಅಚ್ಚಿದೀನಿ ಕಣಣ್ಣ. ಅದೇನ್ ಬೆಳೀತಾ?"

ತಜ್ಞರಿಗೂ ನಗು ಬಂತು. "ಬುಡು, ನೀನೇ ಮಡಿಕ," ಎಂದು ದೊಡ್ಡಪ್ಪ ಚಪ್ಪಲಿ ಹುಡುಕಿದರು.

ಅತ್ತೆ ಗೆದ್ದಿದ್ದರು. ಅವರು ಸ್ಟೂಲು ಹತ್ತಿ ಪುಟ್ಟಿಯನ್ನು ಮತ್ತೆ ಗೋಡೆಗೆ ಏರಿಸುವಾಗ ತಜ್ಞರು ಮೆಲ್ಲಗೆ ಅಂದರು, "ಅಮ್ಮ, ಇನ್ನು ಹಚ್ಚಬೇಡಿ. ಎಣ್ಣೆ ಹಣೆಗೆ ಇಳೀತಿದೆ. ಹೀಗೇ ಮಾಡಿದ್ರೆ ಕಣ್ಣೂ ಹೋಗುತ್ತೆ."

"ಒಂದ್ ಬೊಟ್ಟೂ ಬ್ಯಾಡ್ವಾ ಸ್ವಾಮಿ?"

"ಮುಟ್ಟಲೂ ಬೇಡಿ."

ಅತ್ತೆ ಆಗಲಿ ಎಂದು ತಲೆಯಾಡಿಸಿದರು. ಆದರೆ ಸ್ಟೂಲಿನಿಂದ ಇಳಿಯಲಿಲ್ಲ. ಬಹಳ ಹೊತ್ತು ಅಲ್ಲೇ, ಅವಳ ಮುಖಕ್ಕೆ ಮುಖವಿಟ್ಟು ನಿಂತಿದ್ದರು.

ದೀಪಾವಳಿ ಮುಂದಿನ ವಾರ. ಚಿತ್ರಕ್ಕೆ ಬೆಲೆ ಕಟ್ಟುವವರು ಮೈಸೂರಿನಲ್ಲಿದ್ದಾರೆ, ಸರಿ. ಮುಟ್ಟದೆ ಮಗು ಸಾಕುವುದನ್ನು ಹೇಳಿಕೊಡುವವರು ಯಾವ ಊರಿನಲ್ಲಿದ್ದಾರೆ?